ಪ ಫ ಬ ಭ ಮ ಓಡಿಹೋದ ಮಳೆಗಾಲ

ಬಾಯಿ ಸೊಟ್ಟಗಾದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನೆಟ್ಟಗಿರುವವರೂ ಓದಬಹುದು, ಆದರೆ ನಾನು ಹೇಳುವ ಮುಂಚೆ ನಗಬಾರದು. ನಗು ಎಷ್ಟು ದೊಡ್ಡ ಆಸ್ತಿ ಎನ್ನುವುದು ಅರ್ಧ ಮುಖದಲ್ಲಿ ನಕ್ಕು ನೋಡಿದವನಿಗೇ ಗೊತ್ತು. ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡುತ್ತೇನೆ. ನನ್ನನ್ನು ಗುಣಪಡಿಸಿದ್ದು ಔಷಧಿ ಸ್ವಲ್ಪ, ಬಿಟ್ಟಿ ಚಾಕರಿ ಸ್ವಲ್ಪ, ಉಳಿದದ್ದೆಲ್ಲ ಸೇಡು. ಕ್ಷಮಿಸಿ ಗುಣವಾದವರು ಯಾರಾದರೂ ಇದ್ದರೆ ಅವರು ಬೇರೆ ಬರೆದುಕೊಳ್ಳಲಿ.

ಆಗ ಯುದ್ಧ ನಡೆಯುತ್ತಿತ್ತು. ಸೀಮೆಎಣ್ಣೆಗೆ ಸಾಲು ನಿಲ್ಲಬೇಕಿತ್ತು, ಬಸ್ಸುಗಳು ಇದ್ದಲಿನ ಹೊಗೆ ಕುಡಿದು ಕೆಮ್ಮುತ್ತಾ ಓಡುತ್ತಿದ್ದವು. ನಾನೂ ಅಮ್ಮನೂ ಆಲ್ದೂರಿನ ಅಂಗಡಿ ಸಾಲಿನ ಹಿಂದೆ ಇದ್ದೆವು. ಅಮ್ಮ ಹೋಟೆಲಿಗೆ ಕಡುಬು ಬೇಯಿಸಿ ಕೊಡುತ್ತಿದ್ದಳು. ನಾನು ವಸ್ತಾರೆ ಕಡೆಯ ಒಂದು ಎಸ್ಟೇಟಿನ ಸ್ಟೋರಿನಲ್ಲಿ ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಪಾರ್ಚ್‌ಮೆಂಟ್ ಕಾಫಿ ತೂಗುತ್ತಿದ್ದೆ. ಸಂಬಳ ತೂಕಕ್ಕೆ, ಹೆಸರು ಮಾತ್ರ ಅಣಕಕ್ಕೆ. ಎಸ್ಟೇಟಿನ ಬಿಳಿ ದೊರೆ ಕುದುರೆ ಇಳಿಯುವುದು, ಪೂಜಾರರು ಮಂತ್ರ ಮರೆತಾಗ ಕೆಮ್ಮುವುದು, ಅಮ್ಮ ಕಡುಬಿಗೆ ಕಡ್ಡಿ ಚುಚ್ಚಿ ಮುಖ ಹಿಂಡುವುದು, ಹೆಣ್ಣಾಳುಗಳ ಮುಂದೆ ಶೂರನಂತೆ ನಿಂತ ಕಿಟ್ಟು ಎಂಬ ನಾನು ಕಾಲಲ್ಲಿ ಜಿಗಣೆ ಕಂಡ ಕೂಡಲೇ ಕುಣಿಯುವುದು, ಎಲ್ಲವನ್ನೂ ಮಾಡಿ ತೋರಿಸುತ್ತಿದ್ದೆ.

ಎಲ್ಲಕ್ಕಿಂತ ಚೆನ್ನಾಗಿ ಬರುತ್ತಿದ್ದದ್ದು ನಮ್ಮ ರೈಟರ್ ಪದ್ಮನಾಭಯ್ಯ. ಎಸ್ಟೇಟಿನ ಲೆಕ್ಕ ಬರೆಯುವವರು, ಬೆಳಿಗ್ಗೆ ಆಳುಗಳ ಹಾಜರಿ ಕೂಗುವವರು. ಮೆಟ್ಟಿಲ ಮೇಲೆ ನಿಂತು ಒಂದೊಂದು ಹೆಸರನ್ನೂ ಹಲ್ಲಿಗೆ ಸಿಕ್ಕಿದ ಕಲ್ಲಿನಂತೆ ಉಗಿಯುತ್ತಿದ್ದರು. ಉತ್ತರ ಒಂದು ಉಸಿರು ತಡವಾದರೂ ಆ ದಿನ ಕೆಲಸವಿಲ್ಲ. ಎಲ್ಲ ಮುಗಿದ ಮೇಲೆ ಹೆಗಲ ಮೇಲಿನ ವಸ್ತ್ರದಿಂದ ತುಟಿ ಒರೆಸಿಕೊಳ್ಳುತ್ತಿದ್ದರು, ಅಷ್ಟು ಹೆಸರು ಹೇಳಿ ಬಾಯಿ ಮೈಲಿಗೆಯಾಯಿತು ಎನ್ನುವ ಹಾಗೆ. ಆ ವರ್ಷ ಕಾಫಿ ಹಣ್ಣು ಕುಯ್ದು ಮುಗಿದ ದಿನ ಅಂಗಳದಲ್ಲಿ ಎಲ್ಲರ ಮುಂದೆ ನಾನು ಅದನ್ನು ಮಾಡಿ ತೋರಿಸಿದೆ. ತುಟಿ ಒರೆಸುವ ಹೊತ್ತಿಗೆ ದೊರೆಯ ಬಾಯಿಂದ ಪೈಪು ಬಿದ್ದಿತು. ಪದ್ಮನಾಭಯ್ಯನವರೂ ನಕ್ಕರು. ಆದರೆ ಆ ನಗುವಿನಲ್ಲಿ ಹಲ್ಲು ಮಾತ್ರ ಇತ್ತು.

ಮಳೆ ಹಿಡಿದ ಹೊಸತರಲ್ಲಿ ಒಂದು ಬೆಳಿಗ್ಗೆ ಬಾಯಿ ಮುಕ್ಕಳಿಸಲು ನೀರು ಹಾಕಿಕೊಂಡೆ. ನೀರು ತಾನಾಗಿಯೇ ಎಡಗಡೆಯಿಂದ ಸೋರಿ ಅಂಗಿಯೊಳಗೆ ಹೋಯಿತು. ಇನ್ನೊಮ್ಮೆ ಹಾಕಿಕೊಂಡೆ, ಇನ್ನೊಮ್ಮೆ ಹೋಯಿತು. ಒಳಗೆ ಹೋಗಿ ಕನ್ನಡಿ ನೋಡಿದರೆ ಎಡಗಡೆ ಒಂದು ಮುಖ ಜೋತುಬಿದ್ದಿದೆ, ಬಲಗಡೆ ಇನ್ನೊಂದು ಮುಖ ಅದನ್ನು ನೋಡಿ ಹೆದರಿದೆ. ಎಡಗಣ್ಣು ಮುಚ್ಚಲೇ ಒಪ್ಪದು.

ಅಮ್ಮ ಬಂದವಳು ನೋಡಿ ಬಿದ್ದು ಬಿದ್ದು ನಕ್ಕಳು. "ಯಾರದ್ದಾ ಇದು? ಆ ಬಸ್ಸಿನ ಏಜೆಂಟಂದಾ?"

"ಅಮ್ಮ, ಆಟ ಅಲ್ಲ" ಎನ್ನಬೇಕೆಂದುಕೊಂಡೆ. ತುಟಿ ಕೂಡಲಿಲ್ಲ. "ಅನ್ನ, ಆಟ ಅಲ್ಲ" ಎಂದಿತು ಬಾಯಿ.

"ಈಗಷ್ಟೇ ಎದ್ದಿದೀಯ, ಅನ್ನ ಎಲ್ಲಿಂದ ತರ್ಲಿ? ಕಡುಬು ತಿನ್ನು."

"ಅನ್ನ! ಅನ್ನ!"

"ಸಾಕು ಮಾರಾಯ, ಚೆನ್ನಾಗಿದೆ. ಈಗ ಮುಖ ಬಿಡು."

ಬಿಡಲು ಮುಖ ನನ್ನ ಕೈಯಲ್ಲಿರಲಿಲ್ಲ. ಇದು ಅಣಕಿಸುವವನಿಗೆ ಮಾತ್ರ ಬರಬಹುದಾದ ಪಾಡು. ನನಗೆ ನಿಜವಾಗಿ ಏನೋ ಆಗಿದೆ ಎಂದು ನಂಬಿಸಲು ಅರ್ಧ ದಿನ ಬೇಕಾಯಿತು. ದಾರಿಯುದ್ದಕ್ಕೂ ಜನ ನಿಲ್ಲಿಸಿ ಇದು ಯಾರ ಮುಖ ಎಂದು ಊಹೆ ಮಾಡಿದರು. ಒಬ್ಬ ತನ್ನ ಮಾವನದ್ದೇ ಎಂದು ಗುರುತು ಹಿಡಿದು ಬೆನ್ನು ತಟ್ಟಿದ.

ಎಸ್ಟೇಟಿನಲ್ಲಿ ಮೊದಲು ನಿಜ ತಿಳಿದವರು ಪದ್ಮನಾಭಯ್ಯ. ಹತ್ತಿರ ಬಂದು ನನ್ನ ಗಲ್ಲ ಹಿಡಿದು, ಸಂತೆಯಲ್ಲಿ ಎತ್ತಿನ ಹಲ್ಲು ನೋಡುವ ಹಾಗೆ ತಿರುಗಿಸಿ ನೋಡಿದರು. ಆಮೇಲೆ ಆಳುಗಳಿಗೆಲ್ಲ ಕೇಳಿಸುವಂತೆ ಹೇಳಿದರು: "ಅವತ್ತೇ ದೈವದ ಮುಂದೆ ದೂರು ಹೇಳಿಕೊಂಡಿದ್ದೆ. ಕೇಳಿಸ್ಕೊಂಡಿದೆ, ನೋಡಿ." ನನಗೆ ಹೇಳಿದರು: "ಈ ಮೂತಿ ಇಟ್ಕೊಂಡು ದೊರೆ ಕಣ್ಣಿಗೆ ಬೀಳ್ಬೇಡ. ನೆಟ್ಟಗಾದ ಮೇಲೆ ಬಾ. ಆಗೋದಾದ್ರೆ."

ಸ್ಟೋರಿನ ಮೆಟ್ಟಿಲಿಳಿದು ಬರುವಾಗ ಎಡಗಣ್ಣಿನಲ್ಲಿ ನೀರು ಸುರಿಯುತ್ತಿತ್ತು. ಅದು ಮುಚ್ಚಲಾಗದ ಕಣ್ಣು, ತಾನಾಗಿ ಸುರಿಯುತ್ತದೆ. ಬಲಗಣ್ಣಿನದು ಮಾತ್ರ ನನ್ನದೇ.

ಡಿಸ್ಪೆನ್ಸರಿಯ ಜಗಲಿಯಲ್ಲಿ ಕುಳಿತು ಕಾಯುವಾಗ ಮುಖಕ್ಕೆ ಟವೆಲ್ಲು ಸುತ್ತಿಕೊಂಡಿದ್ದೆ. ಪಕ್ಕದಲ್ಲಿ ನಮ್ಮ ಎಸ್ಟೇಟಿನ ಆಳು ಬೊಮ್ಮಿ ಕುಳಿತಿದ್ದಳು, ಜಿಗಣೆ ಕಚ್ಚಿದ ಗಾಯ ಹುಣ್ಣಾಗಿ ಕಾಲು ಊದಿಸಿಕೊಂಡು. ನನ್ನಮ್ಮನ ವಯಸ್ಸಿನವಳು. ಟವೆಲ್ಲಿನ ಅಂಚೆತ್ತಿ ಒಳಗೆ ಇಣುಕಿದಳು.

"ನಮ್ಮ ಕಿಟ್ಟಣ್ಣನಾ? ನಾನು ಯಾರೋ ಹೊಸ ಮದುಮಗಳು ಅಂದ್ಕಂಡೆ."

ಡಾಕ್ಟರು ಹೆಚ್ಚು ಮಾತಿನವರಲ್ಲ. ಅವರ ಒಂದು 'ಹೂಂ'ಗೆ ಜ್ವರ, ಉದ್ದದ 'ಹೂಂ'ಗೆ ಗಂಭೀರ ಎಂದು ಜಗಲಿಯವರಿಗೆಲ್ಲ ಅರ್ಥವಾಗುತ್ತಿತ್ತು. ನನಗೆ ನಡುವಿನದೊಂದು ಹೂಂ ಸಿಕ್ಕಿತು. "ಹೆಚ್ಚಿನವರಿಗೆ ಸರಿಹೋಗುತ್ತೆ. ಕೆಲವರಿಗೆ ಹೀಗೇ ನಿಂತುಬಿಡುತ್ತೆ. ನೀನು ಯಾವ ಪೈಕಿ ಅಂತ ಮಳೆಗಾಲ ಮುಗಿಯೋದ್ರೊಳಗೆ ಗೊತ್ತಾಗುತ್ತೆ. ಮಲಗೋವಾಗ ಕಣ್ಣಿಗೆ ಬಟ್ಟೆ ಕಟ್ಟು. ಬಿಸಿ ಶಾಖ ಕೊಡು. ತುಟಿ ಕೂಡಿಸಿ ಹೇಳೋ ಅಕ್ಷರ ಇದಾವಲ್ಲ, ಅವನ್ನ ದಿನವಿಡೀ ಹೇಳು. ಬಾಯಿ ಮುಚ್ಕೊಂಡು ಮೂಲೆ ಸೇರಬೇಡ."

ಬಾಯಿ ಮುಚ್ಚಿಕೊಂಡು ಮೂಲೆ ಸೇರಿದೆ. ಪ ಎಂದರೆ ಊದಿದ ಗಾಳಿ ಎಡಗಡೆಯಿಂದ ಹೊರಟುಹೋಗುತ್ತಿತ್ತು. ಬ ವ ಆಗುತ್ತಿತ್ತು, ಮ ನ ಆಗುತ್ತಿತ್ತು. ನಮ್ಮ ಕಡೆ ಮಾರಾಯ ಎನ್ನದೆ ಎರಡು ಮಾತಾಡುವವರು ಯಾರಿದ್ದಾರೆ? ನನ್ನ ಬಾಯಲ್ಲಿ ಅದು 'ನಾರಾಯ' ಆಯಿತು. ಪಕ್ಕದ ಮನೆಯ ಅಜ್ಜಿ ಗೋಡೆಯಾಚೆಯಿಂದ ಕೇಳಿಸಿಕೊಂಡು, ಹುಡುಗನಿಗೆ ಕಷ್ಟದಲ್ಲಿ ದೇವರು ನೆನಪಾಗಿದ್ದಾನೆ ಎಂದು ಊರಿಗೆಲ್ಲ ಹೇಳಿದರು. ಕೋಪ ಬಂದು ಯಾರಿಗಾದರೂ ಮಾರಾಯ ಎಂದು ಗದರಿಸಿದರೆ ಅವರು ಕೈಮುಗಿಯುತ್ತಿದ್ದರು. ನನ್ನ ಕಿಟ್ಟು ಎಂಬ ಹೆಸರಿನಲ್ಲಿ ಆ ಸಾಲಿನ ಒಂದು ಅಕ್ಷರವೂ ಇಲ್ಲದಿದ್ದದ್ದೇ ಅಷ್ಟರ ಮಟ್ಟಿಗೆ ಪುಣ್ಯ.

ಅನ್ನಕ್ಕೆ ರುಚಿಯಿಲ್ಲ, ಒಂದು ಕವಳ ಎಡದವಡೆಯಲ್ಲೇ ಉಳಿದುಹೋಗುತ್ತಿತ್ತು. ಕಣ್ಣು ಮುಚ್ಚದೆ ನಿದ್ದೆಯೂ ಬಾರದು. ಅಮ್ಮನಿಗೆ ನಗು ಎಂದೋ ನಿಂತುಹೋಗಿತ್ತು. ಈಗ ಅವಳು ಪದ್ಮನಾಭಯ್ಯನ ಮಾತನ್ನು ನಂಬಿದ್ದಳು.

"ದೀಪಾವಳಿವರೆಗೆ ನೋಡ್ತೀನಿ" ಎಂದಳು ಒಂದು ದಿನ. "ಅಷ್ಟರೊಳಗೆ ಸರಿಯಾಗ್ಲಿಲ್ಲ ಅಂದ್ರೆ ತಟ್ಟೆಯಲ್ಲಿ ತೆಂಗಿನಕಾಯಿ, ಎಲೆ ಅಡಿಕೆ ಇಟ್ಕೊಂಡು ಹೋಗಿ ಆ ಅಯ್ಯನ ಕಾಲಿಗೆ ಬೀಳ್ತೀಯ. ದೂರು ವಾಪಸ್ ತಗೊಳ್ಳಿ ಅಂತ ಎಲ್ಲರ ಎದುರು ಕೇಳ್ತೀಯ. ನಂಗೆ ನಿನ್ನ ಮರ್ಯಾದೆ ಬೇಡ ಮಗಾ, ಮುಖ ಬೇಕು."

ಅವಳು ಅಳುತ್ತಿದ್ದಳು, ಇಲ್ಲದಿದ್ದರೆ ಜಗಳವಾಡುತ್ತಿದ್ದೆ. ಅವಳು ಹೋದ ಮೇಲೆ ಗೋಡೆಗೆ ಮುಖ ಮಾಡಿ ಪದ್ಮನಾಭಯ್ಯನನ್ನು ಮನಸಾರೆ ಬೈಯೋಣವೆಂದು ಕುಳಿತೆ. ಬೈಗುಳಕ್ಕೆ ಮೊದಲು ಹೆಸರು ಬೇಕಲ್ಲ. "ಹದ್ನನಾವಯ್ಯ" ಎಂದಿತು ಬಾಯಿ. ಮತ್ತೆ ಹೇಳಿದೆ, ಮತ್ತೆ ಹದ್ನನಾವಯ್ಯ. ಆಗ ಹೊಳೆಯಿತು. ಆ ಮನುಷ್ಯನ ಹೆಸರಲ್ಲಿ ಪ ಇದೆ, ಮ ಇದೆ, ಭ ಇದೆ. ನನ್ನಿಂದ ಓಡಿಹೋದ ಅಕ್ಷರಗಳೆಲ್ಲ ಹೋಗಿ ಅವನ ಹೆಸರಿನಲ್ಲೇ ಬಿಡಾರ ಹೂಡಿವೆ! ನಾನು ಎಷ್ಟು ಬೈದರೂ ಅದು ಹದ್ನನಾವಯ್ಯ ಎಂಬ ಯಾರೋ ಪಾಪದವನಿಗೆ ತಗಲುತ್ತದೆಯೇ ಹೊರತು ಇವನಿಗಲ್ಲ. ಕಾಲಿಗೆ ಬೀಳುವುದಿರಲಿ, ಈ ಹೆಸರನ್ನು ಅವನ ಮುಖದ ಮೇಲೆ ನೆಟ್ಟಗೆ ಹೇಳದೆ ನಾನು ಸಾಯುವುದಿಲ್ಲ ಎಂದು ಅಲ್ಲೇ ತೀರ್ಮಾನಿಸಿದೆ.

ಮುಂದಿನ ಸಲ ಡಿಸ್ಪೆನ್ಸರಿಗೆ ಹೋದಾಗ ಜಗಲಿಯಲ್ಲಿ ಗದ್ದಲವೋ ಗದ್ದಲ. ಹೆಸರು ಕೂಗಿ ಒಳಗೆ ಬಿಡುತ್ತಿದ್ದ ಆಳು ದಂಡಿಗೆ ಸೇರಿ ಹೋಗಿದ್ದ. ಡಾಕ್ಟರೇ ಬಾಗಿಲಿಗೆ ಬಂದು, ನಶ್ಯ ಕೇಳುವವರ ದನಿಯಲ್ಲಿ ಹೆಸರು ಹೇಳುತ್ತಿದ್ದರು. ಮುಂದೆ ಕುಳಿತವರಿಗೂ ಕೇಳಿಸುತ್ತಿರಲಿಲ್ಲ. ಅವರ ಕಟ್ಟಳೆ ಒಂದಿತ್ತು: ಆಳಾಗಲಿ, ಪ್ಲಾಂಟರಾಗಲಿ, ಹೆಸರು ಕೂಗಿದ ಮೇಲೇ ಒಳಗೆ. ನನ್ನ ಗಲ್ಲ ಒತ್ತಿ ನೋಡುತ್ತಾ ಅವರು ತಮ್ಮಷ್ಟಕ್ಕೇ ಗೊಣಗಿದರು: "ನಿಮ್ಮ ರೈಟರೂ ಬರಬೇಕು ಪರೀಕ್ಷೆಗೆ. ಮಳೆ ನಿಲ್ಲಲಿ ಅಂತ ಮುಂದೂಡ್ತಾನೇ ಇದಾರೆ."

ನನ್ನ ಬಲಗಡೆಯ ಮುಖ ಅರಳಿತು. "ಡಾಕ್ಟ್ರೇ, ಹೆಸರು ನಾನು ಕೂಗ್ತೀನಿ."

ಬಾಯಿಂದ ಬಂದದ್ದು ಅಷ್ಟು ಸ್ಪಷ್ಟವಾಗಿರಲಿಲ್ಲ. ಡಾಕ್ಟರು ಎರಡು ಸಲ ಕೇಳಿಸಿಕೊಂಡರು.

"ಸಂಬಳ ಕೊಡೋಕಾಗಲ್ಲ."

"ವೇಡ."

"ಮತ್ಯಾಕೆ?"

"ಸೇವೆ" ಎಂದೆ. ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ನನ್ನ ಮುಖ ಅರ್ಧವೇ ಕೆಲಸ ಮಾಡುತ್ತಿದ್ದದ್ದು ಒಳ್ಳೆಯದಾಯಿತು, ಅರ್ಧ ಸುಳ್ಳು ಮಾತ್ರ ಕಂಡಿತು.

ಮೊದಲ ದಿನ ಬೊಮ್ಮಿಯನ್ನು ಕೂಗಿದೆ. "ವೊನ್ನೀ!" ಎಂದು ಬಂತು. ಜಗಲಿಯ ತುದಿಯಲ್ಲಿ ಜ್ವರ ಹಿಡಿದು ಕುಳಿತಿದ್ದ ಹೊನ್ನಿ ಎಂಬ ಹುಡುಗಿ ತನ್ನನ್ನೇ ಕರೆದರೆಂದು ಎದ್ದು ಒಳಗೆ ಹೋಗಿಯೇಬಿಟ್ಟಳು. ಡಾಕ್ಟರು ಕಾಲಿನ ಹುಣ್ಣು ತೊಳೆಯಲು ಬಿಸಿನೀರು ಹಿಡಿದು ಹುಡುಕಿದರೆ ಅವಳಿಗೆ ಹುಣ್ಣೇ ಇಲ್ಲ. ಹೊರಗೆ ಬಂದು, "ಕಿಟ್ಟು, ಹೆಸರು ತಪ್ಪಿದ್ರೆ ಔಷಧಿ ತಪ್ಪುತ್ತೆ. ಆಗೋದಾದ್ರೆ ಮಾಡು, ಇಲ್ಲಾಂದ್ರೆ ಮನೆಗೆ ಹೋಗು" ಎಂದರು. ಅವರಿಂದ ಅಷ್ಟುದ್ದದ ಮಾತನ್ನು ನಾನು ಹಿಂದೆ ಕೇಳಿರಲಿಲ್ಲ.

ಎಡತುಟಿಯ ಮೂಲೆಯನ್ನು ಬೆರಳಲ್ಲಿ ಒತ್ತಿ ಹಿಡಿದು ಮತ್ತೆ ಕೂಗಿದೆ. "ವೊಮ್ಮಿ!"

ಬೊಮ್ಮಿ ಕದಲಲಿಲ್ಲ. "ಅದ್ಯಾರು? ನಮ್ಮ ಕೂಲಿ ಲೈನಲ್ಲಿ ಆ ಹೆಸರಿನವ್ರು ಇಲ್ಲ."

"ಬೊಮ್ಮಕ್ಕ, ಎದ್ದೇಳು ಮಾರಾಯ್ತಿ" ಎಂದು ಕಣ್ಣಿನಲ್ಲೇ ಬೇಡಿಕೊಂಡೆ.

"ರೈಟ್ರಯ್ಯ ಹೆಂಗೆ ಉಗಿದ್ರೂ ಎದ್ದು ನಿಲ್ತೀವಿ, ಹೊಟ್ಟೆಪಾಡು. ಇಲ್ಲಿ ನೀನು ನೆಟ್ಟಗೆ ಕರೆಯೋವರೆಗೆ ನಾನು ಏಳಾಕಿಲ್ಲ."

ಜಗಲಿಗೆ ಜಗಲಿಯೇ ಅವಳ ಕಡೆಯಾಯಿತು. ಮುತ್ತ, ಪುಟ್ಟಿ, ಬಾಬು, ಮಂಜ ಎಲ್ಲರದ್ದೂ ಒಂದೇ ಹಟ: ಹೆಸರು ನೆಟ್ಟಗೆ ಬಂದರೆ ಏಳುವುದು, ಇಲ್ಲದಿದ್ದರೆ ಇಲ್ಲ. ನೂರು ಸಲ ಕೂಗಿ ನನ್ನ ಗಲ್ಲ ಗಂಧ ತೇಯುವ ಕಲ್ಲಿನಂತೆ ಬಿಸಿಯಾಯಿತು. ಅಂದು ಹಸಿವಾಯಿತು. ಎಷ್ಟೋ ವಾರಗಳ ಮೇಲೆ, ಅನ್ನ ಎಂದು ಅನ್ನವನ್ನೇ ಕೇಳಿದೆ.

ಅಮ್ಮನಿಗೆ ಮಾತ್ರ ಅವಮಾನ. "ನನ್ನ ಮಗ ಬಿಟ್ಟಿ ಹೋಗ್ತಾನೆ" ಎಂದು ಹೋಟೆಲಿನವರ ಹತ್ತಿರ ಕಣ್ಣೊರೆಸಿಕೊಂಡಳಂತೆ. ಬೊಮ್ಮಿಗೂ ಅದು ಅರ್ಥವಾಗಲಿಲ್ಲ.

"ಬಿಟ್ಟಿ ಅಂದ್ರೆ ಹೊಡೆದು ಮಾಡ್ಸೋದು. ನಿಂಗೆ ಯಾರು ಹೊಡೆದ್ರು?"

"ರೈಟರ್" ಎಂದೆ.

ಅವಳು ಕಾಲಿನ ಬಟ್ಟೆ ಬಿಚ್ಚುತ್ತಿದ್ದವಳು ನಿಲ್ಲಿಸಿದಳು. ನಾನು ಎಲ್ಲವನ್ನೂ ಹೇಳಿದೆ: ದೂರು, ದೀಪಾವಳಿ, ತೆಂಗಿನಕಾಯಿಯ ತಟ್ಟೆ, ನಾಲಗೆಗೆ ಬಾರದ ಹೆಸರು. ಜಗಲಿಯವರೆಲ್ಲ ಕೇಳಿಸಿಕೊಂಡರು. ಆ ಹೆಸರು ಬಂದಾಗ ಕೆಲವರು ಬಾಗಿಲ ಕಡೆ ತಿರುಗಿ ನೋಡಿದರು, ಹೇಳಿದರೆ ಎಲ್ಲಿ ಬಂದುಬಿಡುತ್ತಾನೋ ಎನ್ನುವಂತೆ.

ಬೊಮ್ಮಿ ಹೇಳಿದಳು: "ಅದನ್ನೇ ಹೇಳು ಮತ್ತೆ. ಕಷ್ಟದ್ದು ಬಂದ್ರೆ ಸುಲಭದ್ದು ತಾನಾಗಿ ಬರುತ್ತೆ."

"ನಂಗೊವ್ವನಿಗೆ ನಾಚಿಕೆ."

"ನಾವೂ ಹೇಳ್ತೀವಿ. ಕೂತು ಕೂತು ನಮಗೂ ಬೇಜಾರು."

ಹೀಗೆ ಶುರುವಾಯಿತು. ಡಾಕ್ಟರು ಒಳಗೆ ಒಬ್ಬರನ್ನು ನೋಡುತ್ತಿರುವಾಗ ಹೊರಗೆ ನಮ್ಮ ಪಾಠ. ಹೆಸರನ್ನು ಕತ್ತರಿಸಿ ತುಂಡು ಮಾಡಿಕೊಂಡೆವು: ಪ, ದ್ಮ, ನಾ, ಭ. ಬೊಮ್ಮಿ ಚಪ್ಪಾಳೆ ತಟ್ಟಿ ಒಂದೊಂದನ್ನೂ ಬಿಡುವಳು, ಉಳಿದವರು ಹಿಡಿಯುವರು. ಮೊದಮೊದಲು ಪಿಸುಮಾತಿನಲ್ಲಿ ಹೇಳಿದರು. ದಂಡ ಬೀಳುತ್ತದೆ ಎನ್ನುವ ಹೆದರಿಕೆ ಹೋದ ಮೇಲೆ ದನಿ ಏರಿತು. ಚಳಿಜ್ವರದಲ್ಲಿ ನಡುಗುತ್ತಿದ್ದ ಮುತ್ತನಿಗೆ ಪ ಹೇಳಲು ಬೇರೆ ಪ್ರಯತ್ನವೇ ಬೇಕಿರಲಿಲ್ಲ, ತುಟಿ ತಾನಾಗಿ ಬಡಿದುಕೊಳ್ಳುತ್ತಿತ್ತು. ಭ ಬಂದಾಗ ಎಲ್ಲರೂ ಅಂಗಳದ ಕಡೆ ಜೋರಾಗಿ ಊದಬೇಕು ಎಂದು ಕಟ್ಟಳೆ ಮಾಡಿದ್ದು ನಾನೇ. ಸ್ವಲ್ಪ ಎಂಜಲು ಹಾರಿದರೂ ತಪ್ಪಿಲ್ಲ ಎಂದೂ ಸೇರಿಸಿದ್ದೆ.

ಟವೆಲ್ಲು ಯಾವಾಗ ಮುಖದಿಂದ ಹೆಗಲಿಗೆ ಇಳಿಯಿತೋ ತಿಳಿಯದು. ಊರಿನ ಗುರುತಿನವರು ಇನ್ನೂ ನನ್ನನ್ನು ಕಂಡರೆ ಆಚೆ ಬದಿಗೆ ದಾಟುತ್ತಿದ್ದರು, ದೈವ ತಿರುಗಿಸಿದ ಮುಖ ಎಂದು. ಆದರೆ ತೋಟದಿಂದ ಬರುವ ಆಳುಗಳು ರಸ್ತೆಯಲ್ಲೇ ನಿಲ್ಲಿಸಿ ಕೇಳುತ್ತಿದ್ದರು: "ಇವತ್ತು ಯಾವ ಅಕ್ಷರ ಬಂತು ಕಿಟ್ಟಣ್ಣ?" ಮೊದಲು ಬಂದದ್ದು ಮ. ಆ ದಿನ ಮುತ್ತ, ಮಂಜ ಇಬ್ಬರೂ ತಮ್ಮ ಹೆಸರನ್ನು ಮತ್ತೆ ಮತ್ತೆ ಕೂಗಿಸಿಕೊಂಡು ಸರದಿಯಿಲ್ಲದಿದ್ದರೂ ಎದ್ದು ಎದ್ದು ಕುಳಿತರು. ಆಮೇಲೆ ಬ ಬಂತು. ಎಡಗಣ್ಣು ಅರ್ಧ ಮುಚ್ಚತೊಡಗಿತು. ಬೊಮ್ಮಿಯ ಕಾಲಿನ ಹುಣ್ಣೂ ಅಷ್ಟಷ್ಟೇ ಮುಚ್ಚುತ್ತಿತ್ತು. ಯಾರದ್ದು ಮೊದಲು ಮುಚ್ಚುತ್ತದೆ ಎಂದು ಇಬ್ಬರಿಗೂ ಪಂದ್ಯ.

ಪ ಮಾತ್ರ ಬರಲಿಲ್ಲ. ಗಾಳಿಯನ್ನು ಹಿಡಿದಿಟ್ಟು ಒಮ್ಮೆಲೇ ಬಿಡಬೇಕು, ಹಿಡಿಯುವಷ್ಟು ಬಲ ತುಟಿಗೆ ಇರಲಿಲ್ಲ. ಮಳೆ ಕಡಿಮೆಯಾಯಿತು. ಅಮ್ಮ ತೆಂಗಿನಕಾಯಿ ತಂದಿಟ್ಟಳು. ನಾನು ನೋಡದ ಹಾಗೆ ಅಕ್ಕಿಡಬ್ಬದ ಹಿಂದೆ ಇಟ್ಟಿದ್ದಳು, ನಾನು ನೋಡಿದೆ.

ದೀಪಾವಳಿಗೆ ಕೆಲವೇ ದಿನ ಇರುವಾಗ, ಬಿಸಿಲು ಬಿದ್ದ ಒಂದು ಬೆಳಿಗ್ಗೆ, ಪದ್ಮನಾಭಯ್ಯನವರು ಡಿಸ್ಪೆನ್ಸರಿಗೆ ಬಂದರು. ಕೋಟು, ರುಮಾಲು, ಕೊಡೆ. ಜಗಲಿಯಲ್ಲಿ ಹಲವರು ಅಭ್ಯಾಸಬಲದಿಂದ ಎದ್ದು ನಿಂತರು. ಬೊಮ್ಮಿ ಕಾಲು ತೋರಿಸಿ ಕುಳಿತೇ ಇದ್ದಳು.

ನನ್ನನ್ನು ಬಾಗಿಲಲ್ಲಿ ಕಂಡು ನಕ್ಕರು. "ಏನೋ ಕಿಟ್ಟ, ಬಾಗಿಲು ಕಾಯ್ತಿದೀಯಾ? ನಿನ್ನಮ್ಮ ನಿನ್ನೆ ಬಂದಿದ್ಲು. ಹಬ್ಬದ ದಿನ ಕರ್ಕೊಂಡು ಬರ್ತೀನಿ ಅಂದ್ಲು. ಆಳುಗಳೆಲ್ಲ ಇರೋವಾಗ್ಲೇ ಬಾ ಅಂದಿದೀನಿ. ಹೇಗೂ ನಿಂಗೆ ನಾಲ್ಕು ಜನ ನೋಡಿದ್ರೇನೇ ಇಷ್ಟ ಅಲ್ವಾ?"

ಅಮ್ಮ ಆಗಲೇ ಹೋಗಿ ಕೇಳಿಕೊಂಡಿದ್ದಳು. ಇವನು ಅವಳನ್ನು ಕೂರಿಸಿದ್ದನೋ ಇಲ್ಲವೋ. ಮೆಟ್ಟಿಲ ಕೆಳಗೇ ನಿಲ್ಲಿಸಿರುತ್ತಾನೆ.

"ಸರದಿ ಬರುತ್ತೆ. ಕೂತ್ಕೊಳ್ಳಿ" ಎಂದೆ.

"ನಾನು ಕೂರಲ್ಲ" ಎಂದರು.

ಒಳಗಿನಿಂದ ಡಾಕ್ಟರು ಕೇಳಿದರು: "ಮುಂದಿನವ್ರು ಯಾರು?"

ಬಾಯಿ ತೆರೆದೆ. ಜಗಲಿ ಉಸಿರು ಹಿಡಿದು ನನ್ನ ತುಟಿಯನ್ನೇ ನೋಡುತ್ತಿತ್ತು. ಬೆರಳು ಎಡಗಡೆಗೆ ತಾನಾಗಿ ಹೋಯಿತು, ಇಳಿಸಿದೆ. ಅಮ್ಮ ಮೆಟ್ಟಿಲ ಕೆಳಗೆ ನಿಂತದ್ದನ್ನು ನೆನೆದೆ. ಗಾಳಿ ಹಿಡಿದೆ. ಅದು ನಿಂತಿತು. ಸೋರಲಿಲ್ಲ.

"ಪ!"

ಬಂದೂಕಿನ ತೋಟಾ ಹಾರಿದಂತೆ ಹಾರಿತು. ನಾನು ಮುಂದಿನದನ್ನು ಹೇಳುವ ಮುಂಚೆ ಬೊಮ್ಮಿಯ ಚಪ್ಪಾಳೆ ಬಿತ್ತು, ಜಗಲಿ ಇಡೀ ಒಂದೇ ದನಿಯಲ್ಲಿ ಎತ್ತಿಕೊಂಡಿತು: "ದ್ಮ! ನಾ! ಭ!" ಎಲ್ಲರೂ ಅಂಗಳದ ಕಡೆ ಊದಿದರು. ಅಂಗಳದ ಕಡೆ ನಿಂತಿದ್ದವರು ರೈಟರೇ. ಪುಟ್ಟಿ ಮಡಿಲಲ್ಲಿದ್ದ ಮಗುವನ್ನು ಎತ್ತಿ ಕುಣಿಸಿದಳು. ಮುತ್ತ ಕೂಗಿದ: "ಪ ಬಂತು! ಕಿಟ್ಟಣ್ಣಂಗೆ ಪ ಬಂತು!"

ಪದ್ಮನಾಭಯ್ಯನವರು ಕೋಟು ಒರೆಸಿಕೊಂಡರು. ಮುಖ ಕೆಂಪಾಗಿತ್ತು. ಯಾರ ಮೇಲೆ ಕೂಗಬೇಕೆಂದು ತಿಳಿಯದೆ ನನ್ನ ಮೇಲೆ ಬಂದರು.

"ಎಂಥದ್ದಾ ಇದು? ನನ್ನ ಹೆಸರು ಬರೀ ಪದ್ಮನಾಭನಾ? ಅಯ್ಯ ಎಲ್ಲಿ ಹೋಯ್ತು?"

"ಅದರಲ್ಲಿ ತುಟಿಗೆ ಕೆಲಸ ಇಲ್ಲ ಸ್ವಾಮಿ" ಎಂದೆ. "ಅದಕ್ಕೇ ಬಿಟ್ವಿ."

ಬೊಮ್ಮಿ ಮೆಲ್ಲಗೆ ಎದ್ದಳು, ಅವರಿಗಾಗಿ ಅಲ್ಲ, ಮಾತಾಡಲು. "ಬೇಜಾರು ಮಾಡ್ಕಬೇಡಿ ಅಯ್ಯಾ. ನಿಮ್ಮ ದೂರಿಂದ ಇವನ ಮುಖ ತಿರುಗ್ತೋ ಇಲ್ವೋ ನಾವು ಕಂಡಿಲ್ಲ. ನಿಮ್ಮ ಹೆಸರಿಂದ ನೆಟ್ಟಗಾಗಿದ್ದನ್ನ ನಾವೆಲ್ಲ ಕಣ್ಣಾರೆ ಕಂಡ್ವಿ."

ಈಗ ನಗಬಹುದು. ಜಗಲಿಯೂ ಆಗಲೇ ನಕ್ಕಿತು. ಒಳಗಿನಿಂದ ಹಿಂದೆಂದೂ ಕೇಳಿರದ ಒಂದು ಹೊಸ ರೀತಿಯ ಹೂಂ ಕೇಳಿಸಿತು.

ಪದ್ಮನಾಭಯ್ಯನವರಿಗೆ ಏನು ಕಾಯಿಲೆಯೆಂದು ನಾನು ಬರೆಯುವ ಹಾಗಿಲ್ಲ. ಒಳಗೆ ಕೇಳಿದ್ದು ಒಳಗೇ ಎಂದು ಡಾಕ್ಟರು ನನ್ನಿಂದ ಆಣೆ ಮಾಡಿಸಿಕೊಂಡಿದ್ದಾರೆ, ಸೇವೆಯಲ್ಲಿ ಇದೊಂದು ಕಷ್ಟ. ಅಂದು ಅಷ್ಟು ಹೊತ್ತೂ ರೈಟರು ಜಗಲಿಯ ಬೆಂಚಿನ ಮೇಲೆ ಕೂರಲು ಒಪ್ಪಲಿಲ್ಲ ಎಂದು ಮಾತ್ರ ಹೇಳುತ್ತೇನೆ. ಅದು ಬೆಂಚಿನ ವಿಷಯ.

ಸುದ್ದಿ ನನಗಿಂತ ಮೊದಲು ಮನೆ ತಲುಪಿತ್ತು. ಅಮ್ಮ ತೆಂಗಿನಕಾಯಿ ಒಡೆದು ಹೂರಣಕ್ಕೆ ತುರಿಯುತ್ತಾ ಕುಳಿತಿದ್ದಳು. ನನ್ನ ಮುಖ ನೋಡಿ, "ಎಡಹುಬ್ಬು ಇನ್ನೂ ಏಳಲ್ಲ" ಎಂದಳು. ಈಗಲೂ ಅದು ಏಳುವುದಿಲ್ಲ. ಆಶ್ಚರ್ಯವಾದಾಗ ಅರ್ಧ ಮಾತ್ರ ಆಶ್ಚರ್ಯವಾಗುತ್ತದೆ, ಅದರ ಜೊತೆ ಬದುಕಬಹುದು. ಡಿಸ್ಪೆನ್ಸರಿಯ ಬಾಗಿಲಿಗೆ ಈಗಲೂ ಸಂಬಳವಿಲ್ಲದೆ ಹೋಗುತ್ತೇನೆ. ಹೋಗದ ದಿನ ಗಲ್ಲ ಬಿಗಿಯುತ್ತದೆ, ಊಟ ಸೇರುವುದಿಲ್ಲ, ಜನ ಮನೆಗೇ ಬಂದು ಕೇಳುತ್ತಾರೆ. ನಿಮಗೂ ಮುಖ ತಿರುಗಿದರೆ ಮೂಲೆ ಸೇರಬೇಡಿ. ನಿಮ್ಮನ್ನು ಬೇಕೆನ್ನುವ ಕಡೆ ಹೋಗಿ ನಿಂತು ಗಟ್ಟಿಯಾಗಿ ಮಾತಾಡಿ. ವೈರಿಯೊಬ್ಬ ಇದ್ದರೆ ಇನ್ನೂ ಒಳ್ಳೆಯದು.

ಪದ್ಮನಾಭಯ್ಯನವರು ಈಗಲೂ ಬೆಳಿಗ್ಗೆ ಮೆಟ್ಟಿಲ ಮೇಲೆ ನಿಂತು ಹಾಜರಿ ಕೂಗುತ್ತಾರಂತೆ. ಬೊಮ್ಮಿ ಹೇಳುವುದು: ಎದುರಿಗೆ ನಿಂತ ಆಳುಗಳು ಯಾರೂ ನಗುವುದಿಲ್ಲ, ಪಿಸುಗುಟ್ಟುವುದಿಲ್ಲ, ಎಲ್ಲರೂ ತುಟಿ ಬಿಗಿಯಾಗಿ ಮುಚ್ಚಿಕೊಂಡು ಅವರನ್ನೇ ನೋಡುತ್ತಾ ನಿಂತಿರುತ್ತಾರೆ. ಇಂಥ ಶಿಸ್ತಿಗೆ ಯಾವ ರೈಟರ್ ತಾನೇ ತಪ್ಪು ಹೊರಿಸಿಯಾನು? ಅವರಿಗೂ ಗೊತ್ತು, ಸಾಲಿಗೆ ಸಾಲೇ ಗೊತ್ತು, ಪ ಹೇಳುವ ಮುಂಚೆ ತುಟಿ ಹಾಗೆಯೇ ಮುಚ್ಚಿರಬೇಕು.